ನಾದದ ದಾರಿ, ಚುಕ್ಕಿಯ ದಾರಿ: ಕನ್ನಡ ನಾಡಿನ ಅಂಧಶಿಕ್ಷಣದಲ್ಲಿ ಗದಗಿನ ಪುಣ್ಯಾಶ್ರಮದ ಸ್ಥಾನ

ತುಮಕೂರಿನಿಂದ ಹೊರಡುವ ಹೆದ್ದಾರಿಗಳಲ್ಲಿ ಒಂದು ನಗರದ ಅಂಚಿನ ಅಂತರಸನಹಳ್ಳಿಯನ್ನು ಹಾದು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆಗಳ ಮಾರ್ಗವಾಗಿ ಹಾವೇರಿಯ ಸೀಮೆಯನ್ನು ಸೇರುತ್ತದೆ. ಇನ್ನೊಂದು ದಾರಿ ಕುಣಿಗಲ್ಲಿನ ಮೂಲಕ ದಕ್ಷಿಣಕ್ಕೆ ತಿರುಗಿ ಮೈಸೂರಿನ ಕಡೆಗೆ ಇಳಿಯುತ್ತದೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಗುಬ್ಬಿಯಲ್ಲಾಗಲಿ ಕುಣಿಗಲ್ಲಿನಲ್ಲಾಗಲಿ ಕಣ್ಣಿಲ್ಲದ ಮಗುವಿಗೆ ವಿದ್ಯೆ ಕೊಡಿಸಬೇಕೆಂದು ಹಂಬಲಿಸಿದ ತಂದೆತಾಯಿಗಳ ಮುಂದೆ ಹೆಚ್ಚುಕಡಿಮೆ ಈ ಎರಡೇ ದಿಕ್ಕುಗಳಿದ್ದವು. ದಕ್ಷಿಣದಲ್ಲಿ ಮೈಸೂರಿನ ಶಾಲೆಯಿತ್ತು. ಅಲ್ಲಿ ಬೆರಳ ತುದಿಯಿಂದ ಓದುವ ಲಿಪಿಯನ್ನು ಕಲಿಸುತ್ತಿದ್ದರು. ಉತ್ತರದಲ್ಲಿ ಒಬ್ಬ ಅಂಧ ಗವಾಯಿಗಳಿದ್ದರು. ಅವರು ಕಿವಿಯಿಂದ ಕಲಿತ ವಿದ್ಯೆಯನ್ನು ಕಿವಿಯಿಂದಲೇ ಕಲಿಸುತ್ತಿದ್ದರು. ಕನ್ನಡ ನಾಡಿನ ಅಂಧಶಿಕ್ಷಣದ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಎರಡು ದಾರಿಗಳ ಚರಿತ್ರೆ. ಮೊದಲನೆಯದರ ಬಗ್ಗೆ ಸರ್ಕಾರಿ ದಾಖಲೆಗಳು ಮಾತನಾಡುತ್ತವೆ. ಎರಡನೆಯದನ್ನು ಭಕ್ತಿಯಿಂದ ಸ್ಮರಿಸುವವರು ಬಹಳ. ಶಿಕ್ಷಣದ ಒಂದು ಪ್ರಯೋಗವೆಂದು ಪರಿಶೀಲಿಸಿದವರು ವಿರಳ.

ಅಂಧತ್ವವನ್ನು ಕುರಿತ ನುಡಿಗಳಲ್ಲಿಯೇ ಸಮಾಜದ ಮನೋಧರ್ಮ ಅಡಗಿದೆ. 'ಕುರುಡ' ಎಂಬ ಅಚ್ಚಗನ್ನಡದ ಮಾತು ನಿಂದೆಯ ಪದವಾಗಿ ಸವೆಯಿತು. 'ಅಂಧ' ಎಂಬ ಸಂಸ್ಕೃತ ಶಬ್ದ ಶಾಲೆಗಳ ಹೆಸರುಗಳಲ್ಲಿ ನೆಲೆಯೂರಿತು. ಮುಂದೆ 'ಅಂಗವಿಕಲ' ಬಂದಿತು, ಅದು ಹೋಗಿ 'ವಿಕಲಚೇತನ' ಬಂದಿತು, 'ದೃಷ್ಟಿಹೀನ' ಹೋಗಿ 'ದೃಷ್ಟಿದೋಷವುಳ್ಳವರು' ಬಂದಿತು. ಹೆಸರನ್ನು ಹೀಗೆ ಮತ್ತೆಮತ್ತೆ ಬದಲಿಸಬೇಕಾಗಿ ಬಂದುದೇಕೆಂದರೆ ಹಳೆಯ ತಾತ್ಸಾರವು ಹೊಸ ಹೆಸರಿಗೂ ಅಂಟಿಕೊಳ್ಳುತ್ತಿತ್ತು. ಆದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಬ್ಬರು ಅಂಧರಿಗೆ ಜನ ಇಟ್ಟ ಹೆಸರು ಬೇರೆ. ಒಬ್ಬರನ್ನು 'ಗವಾಯಿಗಳು' ಎಂದರು, ಇನ್ನೊಬ್ಬರನ್ನು 'ಅಜ್ಜನವರು' ಎಂದರು. ಕಣ್ಣಿನ ಪ್ರಸ್ತಾಪವೇ ಇಲ್ಲದ ಈ ಹೆಸರುಗಳನ್ನು ಯಾವ ಸಮಿತಿಯೂ ಸೂಚಿಸಿದುದಲ್ಲ.

ಹಿಂದಿನ ಕಾಲದಲ್ಲಿ ದೃಷ್ಟಿ ಹೋಗುವುದಕ್ಕೆ ಕಾರಣಗಳು ಹಲವಾರು. ಸಿಡುಬು ಅನೇಕ ಮಕ್ಕಳ ಕಣ್ಣುಗಳನ್ನು ತೆಗೆದುಕೊಂಡಿತು. ಬರಗಾಲದಲ್ಲಿ ಸೊಪ್ಪು ತರಕಾರಿ ಹಾಲುಗಳಿಲ್ಲದೆ ಬೆಳೆದ ಕೂಸುಗಳಿಗೆ ಮೊದಲು ಇರುಳುಗಣ್ಣು ಬಂದು, ಬಳಿಕ ಕಣ್ಣಿನ ಪಾಪೆಯೇ ಕರಗಿಹೋಗುತ್ತಿತ್ತು. ವೃದ್ಧರನ್ನು ಪೊರೆ ಕಾಡುತ್ತಿತ್ತು. ಇವುಗಳಲ್ಲಿ ಪೊರೆಯೊಂದೇ ಶಸ್ತ್ರಕ್ಕೆ ಮಣಿಯತಕ್ಕದ್ದು. ಆ ಕಾರ್ಯದಲ್ಲಿ ಬೀಳಗಿಯ ಡಾ. ಮುರುಗೆಪ್ಪ ಚನ್ನವೀರಪ್ಪ ಮೋದಿಯವರ (1916–2005) ಹೆಸರು ಚಿರಸ್ಥಾಯಿಯಾದುದು. ಊರೂರುಗಳಲ್ಲಿ ಉಚಿತ ನೇತ್ರಶಿಬಿರಗಳನ್ನು ನಡೆಸಿ, 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ಮಾಡಿದ ಮಹನೀಯರು ಅವರು. ಭಾರತ ಸರ್ಕಾರವು ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡುದು 1976ರಲ್ಲಿ; 1977ರಲ್ಲಿ ದೇಶವು ಸಿಡುಬಿನಿಂದ ಮುಕ್ತವೆಂದು ಘೋಷಿತವಾಯಿತು. ವೈದ್ಯರ ಸೇವೆ ಎಷ್ಟೇ ದೊಡ್ಡದಾದರೂ ಅದು ಮರಳಿ ಬರಬಲ್ಲ ದೃಷ್ಟಿಗೆ ಸಂಬಂಧಿಸಿದ್ದು. ಮರಳಿ ಬಾರದ ದೃಷ್ಟಿಯೊಡನೆ ಅರವತ್ತು ಎಪ್ಪತ್ತು ವರ್ಷ ಬಾಳಬೇಕಾದ ಮಗುವಿಗೆ ವಿದ್ಯೆಯೂ ಕಾಯಕವೂ ಬೇಕು. ಪ್ರಸ್ತುತ ವಿಷಯ ಅಲ್ಲಿಂದ ಪ್ರಾರಂಭವಾಗುತ್ತದೆ.

ಅಂಧರಿಗೆ ಶಾಲೆಯ ಶಿಕ್ಷಣವನ್ನು ಕೊಡಬಹುದೆಂಬ ಕಲ್ಪನೆಯೇ ಪಾಶ್ಚಾತ್ಯ ದೇಶಗಳಲ್ಲಿಯೂ ಬಹು ಹಳೆಯದಲ್ಲ. ಪ್ಯಾರಿಸ್ಸಿನಲ್ಲಿ ವಾಲಾಂತೆ ಆಯುಯಿ ಎಂಬಾತನು ತನ್ನ ಶಾಲೆಯನ್ನು ತೆರೆದುದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ. ಸಾಮಾನ್ಯ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿ ಮುದ್ರಿಸಿ ಓದಿಸುವುದು ಅವನ ಕ್ರಮ. ಬೆರಳಿಗೆ ಆ ಅಕ್ಷರಗಳ ಅಂಕುಡೊಂಕು ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಅದೇ ಶಾಲೆಯ ವಿದ್ಯಾರ್ಥಿಯಾಗಿದ್ದ ಲೂಯಿ ಬ್ರೈಲ್ (1809–1852) ಆರು ಚುಕ್ಕಿಗಳ ಲಿಪಿಯನ್ನು ರೂಪಿಸಿ 1829ರಲ್ಲಿ ಪ್ರಕಟಿಸಿದನು. ಅವನ ಶಾಲೆಯೇ ಅದನ್ನು ಅಧಿಕೃತವಾಗಿ ಒಪ್ಪಿಕೊಂಡುದು 1854ರಲ್ಲಿ, ಅಂದರೆ ಅವನು ತೀರಿಹೋದ ಎರಡು ವರ್ಷಗಳ ಮೇಲೆ. ಕಣ್ಣುಳ್ಳ ಅಧ್ಯಾಪಕರಿಗೆ ತಮ್ಮ ಕಣ್ಣಿಗೆ ಅಕ್ಷರದಂತೆ ಕಾಣದ ಲಿಪಿಯನ್ನು ಒಪ್ಪಿಕೊಳ್ಳುವುದು ಕಷ್ಟವಾಗಿದ್ದಿರಬೇಕು.

ಭಾರತದಲ್ಲಿ ಮೊದಲ ಅಂಧರ ಶಾಲೆ 1887ರಲ್ಲಿ ಅಮೃತಸರದಲ್ಲಿ ಆನಿ ಶಾರ್ಪ್ ಎಂಬ ಮಿಷನರಿ ಮಹಿಳೆಯಿಂದ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ತಮಿಳುನಾಡಿನ ಪಾಳೆಯಂಕೋಟೆಯಲ್ಲಿ ಮತ್ತೊಂದು ಮಿಷನ್ ಶಾಲೆ ಎದ್ದಿತು. ಮೈಸೂರಿನಲ್ಲಿ ಅಂಧರಿಗೂ ಕಿವುಡರಿಗೂ ಶಾಲೆ ಪ್ರಾರಂಭವಾದುದು 1901ರಲ್ಲಿ, ಎಂ. ಶ್ರೀನಿವಾಸರಾಯರ ಪ್ರಯತ್ನದಿಂದ. ಮುಂದೆ ಅದು ಸರ್ಕಾರದ ಆಶ್ರಯಕ್ಕೆ ಬಂದು ತಿಲಕ್ ನಗರದಲ್ಲಿ ನೆಲೆಗೊಂಡಿತು. ಕನ್ನಡವನ್ನು ಚುಕ್ಕಿಗಳಲ್ಲಿ ಬರೆಯುವ ಕ್ರಮ ಈ ಶಾಲೆಯ ವಲಯದಲ್ಲಿ ಮೊಳೆಯಿತು. ಆ ಕಾಲಕ್ಕೆ ಭಾರತದಲ್ಲಿ ಒಂದೊಂದು ಪ್ರಾಂತಕ್ಕೂ ಒಂದೊಂದು ಬ್ರೈಲ್ ಪದ್ಧತಿ ಇತ್ತು. ಕಲ್ಕತ್ತೆಯದು ಒಂದು, ಮುಂಬಯಿಯದು ಮತ್ತೊಂದು, ಮೈಸೂರಿನದು ಇನ್ನೊಂದು. ಒಂದರಲ್ಲಿ ಅಚ್ಚಾದ ಪುಸ್ತಕ ಇನ್ನೊಂದನ್ನು ಕಲಿತವನಿಗೆ ದಕ್ಕುತ್ತಿರಲಿಲ್ಲ. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ 'ಭಾರತಿ ಬ್ರೈಲ್' ಅಂಗೀಕೃತವಾದ ಮೇಲೆ ಈ ಗೊಂದಲ ನಿವಾರಣೆಯಾಯಿತು.

ಈ ಲಿಪಿಯಲ್ಲಿ ಕನ್ನಡ ಹೇಗೆ ಬರುತ್ತದೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಸ್ವಲ್ಪ ಗಮನಿಸಬೇಕು. ಎರಡು ಸಾಲುಗಳಲ್ಲಿ ಮೂರು ಮೂರರಂತೆ ಆರು ಚುಕ್ಕಿಗಳ ಒಂದು ಮನೆ. ಎಡಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ 1, 2, 3, ಬಲಸಾಲಿನಲ್ಲಿ 4, 5, 6. ಯಾವ ಚುಕ್ಕಿಗಳು ಉಬ್ಬಿವೆ ಎಂಬುದರಿಂದ ಅಕ್ಷರ ತಿಳಿಯುತ್ತದೆ. ಇಂತಹ ಅರವತ್ತಮೂರು ಜೋಡಣೆಗಳಷ್ಟೇ ಸಾಧ್ಯ. ಕನ್ನಡದ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಇಷ್ಟರೊಳಗೆ ಅಡಗಿಸುವುದಕ್ಕೆ ಒಂದು ಉಪಾಯವುಂಟು. ವ್ಯಂಜನದ ಮೇಲೆ ಗುಣಿತದ ಗುರುತು ಹಾಕುವುದಿಲ್ಲ. ವ್ಯಂಜನದ ಮುಂದೆ ಸ್ವರವನ್ನೇ ಇಡುತ್ತಾರೆ. 'ನಾದ' ಎಂಬ ಮಾತನ್ನು ತೆಗೆದುಕೊಂಡರೆ ಮೊದಲು 'ನ' (1, 3, 4, 5), ಅನಂತರ 'ಆ' (3, 4, 5), ಬಳಿಕ 'ದ' (1, 4, 5). ಕಣ್ಣಿಗೆ ಎರಡು ಅಕ್ಷರವಾಗಿ ಕಾಣುವುದು ಬೆರಳಿಗೆ ಮೂರಾಗಿ ಸಿಕ್ಕುತ್ತದೆ. ಒತ್ತಕ್ಷರವಿದ್ದರೆ ಮೊದಲ ವ್ಯಂಜನದ ಹಿಂದೆ 4ನೆಯ ಚುಕ್ಕಿಯೊಂದನ್ನೇ ಇಟ್ಟು ಅದರ ಅಕಾರವನ್ನು ಕಳೆಯುತ್ತಾರೆ. ವ್ಯಾಕರಣದ ಪಾಠದಲ್ಲಿ ಸ್ವರ ವ್ಯಂಜನಗಳನ್ನು ಬಿಡಿಸಿ ಬರೆಯಲು ತಿಣುಕುವ ವಿದ್ಯಾರ್ಥಿಗಳು ಬಹಳ. ಚುಕ್ಕಿಯಲ್ಲಿ ಕನ್ನಡ ಕಲಿತ ಮಗು ಅದನ್ನು ಮೊದಲ ದಿನವೇ ಮಾಡಿರುತ್ತದೆ. ಬರೆಯುವಾಗ ಮತ್ತೊಂದು ತೊಡಕಿದೆ. ಕಿಂಡಿಗಳುಳ್ಳ ಪಟ್ಟಿಯಲ್ಲಿ ದಪ್ಪ ಕಾಗದವನ್ನು ಸಿಕ್ಕಿಸಿ ಮೊನೆಯ ಕಡ್ಡಿಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಬೇಕು, ಆಮೇಲೆ ಕಾಗದವನ್ನು ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಆದುದರಿಂದ ಪ್ರತಿ ಅಕ್ಷರವನ್ನೂ ಮಗು ಎರಡು ಸಲ ಕಲಿಯುತ್ತದೆ, ನೇರವಾಗಿ ಒಮ್ಮೆ, ತಿರುವುಮುರುವಾಗಿ ಒಮ್ಮೆ.

ಚುಕ್ಕಿಯ ದಾರಿಯ ಹಿರಿಮೆ ಇದು: ಅದು ಅಂಧನನ್ನು ಗ್ರಂಥದೊಡನೆ ಏಕಾಂತದಲ್ಲಿ ಕೂರಿಸುತ್ತದೆ. ಓದಿ ಹೇಳುವ ಇನ್ನೊಬ್ಬರ ಹಂಗು ಅಲ್ಲಿಲ್ಲ. ಆದರೆ ಆ ದಾರಿ ಬಹುಕಾಲ ಇಕ್ಕಟ್ಟಾಗಿಯೇ ಇತ್ತು. ಅಚ್ಚಾದ ಪುಸ್ತಕಗಳು ಬೆರಳೆಣಿಕೆಯಷ್ಟು. ಒಂದು ಸಣ್ಣ ಪಠ್ಯವೂ ಬ್ರೈಲಿನಲ್ಲಿ ಹಲವು ದಪ್ಪ ಸಂಪುಟಗಳಾಗುತ್ತದೆ. ಶಾಲೆ ಇದ್ದುದು ಮೈಸೂರು ಸಂಸ್ಥಾನದಲ್ಲಿ. ಧಾರವಾಡ, ವಿಜಾಪುರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು, ರಾಯಚೂರು ಕಲಬುರ್ಗಿಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ಇದಕ್ಕಿಂತಲೂ ಕಠಿಣವಾದ ಪ್ರಶ್ನೆಯೊಂದಿತ್ತು. ಓದು ಬರಹ ಕಲಿತು ಹೊರಬಂದ ಅಂಧ ಯುವಕನಿಗೆ ಕೆಲಸ ಕೊಡುವವರು ಯಾರು? ಅಕ್ಷರ ಬಂದಿತು, ಅನ್ನ ಬರಲಿಲ್ಲ ಎಂಬ ಸ್ಥಿತಿ ಅದು.

ಈ ಅನ್ನದ ಪ್ರಶ್ನೆಗೆ ಉತ್ತರ ಬೇರೊಂದು ಕಡೆಯಿಂದ ಬಂದಿತು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಅಂಧ ಶಿಶು ಜನಿಸಿತು. ಸಹೋದರ ಗುರುಬಸಯ್ಯನಿಗೂ ದೃಷ್ಟಿಯಿರಲಿಲ್ಲ. ಇಬ್ಬರು ಅಂಧ ಮಕ್ಕಳಿರುವ ಬಡ ಜಂಗಮ ಕುಟುಂಬದ ಪಾಡನ್ನು ಊಹಿಸುವುದು ಕಷ್ಟವಲ್ಲ. ಹುಡುಗರಿಬ್ಬರಿಗೂ ಹಾಡು ಒಲಿದಿತ್ತು. ಆ ಹಾಡು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಸ್ವಾಮಿಗಳವರ (1867–1930) ಕಿವಿಗೆ ಬಿದ್ದುದೇ ಈ ಚರಿತ್ರೆಯ ತಿರುವು. 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವನ್ನೂ ಸ್ಥಾಪಿಸಿದ ಪೂಜ್ಯರು ಅವರು. ಅಂತಹವರು ಇಬ್ಬರು ಅಂಧ ಬಾಲಕರಿಗೆ ಅನ್ನ ವಸ್ತ್ರಗಳನ್ನು ಏರ್ಪಡಿಸಿ ಸುಮ್ಮನಾಗಿದ್ದರೂ ಜನ ಅವರನ್ನು ಕೊಂಡಾಡುತ್ತಿದ್ದರು. ಅವರು ಅಷ್ಟಕ್ಕೆ ನಿಲ್ಲಲಿಲ್ಲ. ಹುಡುಗರಿಗೆ ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ, ಅದಕ್ಕೆ ತಕ್ಕ ಗುರುಗಳಿಂದಲೇ ಕಲಿಸಲು ನಿಶ್ಚಯಿಸಿದರು.

ಗದಿಗೆಯ್ಯನು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಾಸಮಾಡಿದನು. ಅನಂತರ ನೀಲಕಂಠಬುವಾ ಮಿರಜಕರರಲ್ಲಿ ಹಿಂದೂಸ್ಥಾನಿ ಗಾಯನದ ತಾಲೀಮು ದೊರೆಯಿತು. ಮಲ್ಲಿಕಾರ್ಜುನ ಮನಸೂರರ ಗುರುಗಳೂ ಈ ನೀಲಕಂಠಬುವಾ ಅವರೇ. ಹೀಗೆ ಎರಡೂ ಪದ್ಧತಿಗಳಲ್ಲಿ ಅಧಿಕಾರವುಳ್ಳ ಪಂಚಾಕ್ಷರಿ ಗವಾಯಿಗಳು ಸಿದ್ಧರಾದರು. ಗದಿಗೆಯ್ಯನು ಸ್ವರಾಭ್ಯಾಸ ಮಾಡಿದ ಮೈಸೂರಿನಲ್ಲಿಯೇ ಅಂಧರ ಶಾಲೆಯೂ ಇತ್ತು. ನಾದದ ದಾರಿ, ಚುಕ್ಕಿಯ ದಾರಿ ಎರಡೂ ಒಂದೇ ನಗರವನ್ನು ಹಾದುಹೋಗಿಯೂ ಆ ಹೊತ್ತಿಗೆ ಕೂಡಲಿಲ್ಲ. ಅವು ಕೂಡುವುದಕ್ಕೆ ಇನ್ನೊಂದು ತಲೆಮಾರು ಬೇಕಾಯಿತು.

ಗವಾಯಿಗಳು ತಾವು ಪಡೆದ ವಿದ್ಯೆಯಿಂದ ಅರಮನೆ ಅಥವಾ ಸಿರಿವಂತರ ಆಶ್ರಯವನ್ನು ಅರಸಬಹುದಾಗಿತ್ತು. ಅವರು ಬ್ರಹ್ಮಚರ್ಯವನ್ನು ಸ್ವೀಕರಿಸಿ, ಅಂಧ ಅನಾಥ ಬಾಲಕರನ್ನು ಕೂಡಿಸಿಕೊಂಡು ಊರಿಂದೂರಿಗೆ ನಡೆದರು. ಅದು ಕಟ್ಟಡವಿಲ್ಲದ ಶಾಲೆ, ಗುರುಗಳಿದ್ದಲ್ಲಿ ಪಾಠ. ಒಂದು ಊರಿನ ಮಠದ ಪಡಸಾಲೆಯಲ್ಲಿ ಕೆಲವು ತಿಂಗಳು, ಮತ್ತೊಂದು ಊರಿನ ಗುಡಿಯಲ್ಲಿ ಕೆಲವು ತಿಂಗಳು. ಸೇರುವವರಿಗೆ ಜಾತಿಯ ಕಟ್ಟಿರಲಿಲ್ಲ. 1930ರಲ್ಲಿ ಕುಮಾರ ಸ್ವಾಮಿಗಳವರು ಲಿಂಗೈಕ್ಯರಾದ ಮೇಲೆ ಈ ಸಂಸಾರದ ಹೊರೆಯೆಲ್ಲ ಗವಾಯಿಗಳ ಹೆಗಲ ಮೇಲೆಯೇ ಬಿದ್ದಿತು.

ಅಂಧ ಗುರುವು ಅಂಧ ಶಿಷ್ಯನಿಗೆ ಕಲಿಸುವ ಕ್ರಮ ಹೇಗಿತ್ತೆಂಬುದು ವಿಚಾರಾರ್ಹ. ಹಿಂದೂಸ್ಥಾನಿ ಸಂಗೀತದ ತಾಲೀಮಿನಲ್ಲಿ ಬರಹಕ್ಕೆ ಪ್ರಾಧಾನ್ಯವಿಲ್ಲ. ಗುರುವು ಹಾಡಿದುದನ್ನು ಶಿಷ್ಯನು ಹಾಡಬೇಕು, ತಪ್ಪಿದರೆ ಮತ್ತೆ ಹಾಡಬೇಕು, ಚೀಜು ನೆನಪಿನಲ್ಲಿ ಕೂರುವವರೆಗೆ ಹಾಡಬೇಕು. ಕಣ್ಣುಳ್ಳವನಿಗೂ ಇಲ್ಲದವನಿಗೂ ಇಲ್ಲಿ ಭೇದವೇ ಇಲ್ಲ. ತಬಲೆಯಲ್ಲಿ ಬಾಯಿಂದ ಬೋಲುಗಳನ್ನು ಹೇಳಿಸಿ ಪಾಠಮಾಡಿಸಿದ ಬಳಿಕ, ಶಿಷ್ಯನ ಬೆರಳನ್ನು ಹಿಡಿದು ಕರಣೆಯ ಮೇಲೆ, ಅಂಚಿನ ಮೇಲೆ ಇಡಿಸಿದರೆ ಸ್ಥಾನ ತಿಳಿಯುತ್ತದೆ. ಹಾರ್ಮೋನಿಯಂನಲ್ಲಿ ಕರಿಯ ಮನೆಗಳು ಎತ್ತರವಾಗಿ ಎರಡು ಮೂರರ ಗುಂಪುಗಳಲ್ಲಿ ನಿಂತಿರುವುದರಿಂದ ಸವರಿದೊಡನೆ ಷಡ್ಜ ಎಲ್ಲಿದೆಯೆಂದು ಗೊತ್ತಾಗುತ್ತದೆ. ಮೊದಲು ಬಂದ ಹುಡುಗ ಅನಂತರ ಬಂದವನಿಗೆ ಸ್ನಾನದ ಮನೆಗೆ ಹೋಗುವ ದಾರಿಯನ್ನೂ ಕಲಿಸುವನು, ಅಲಂಕಾರಗಳನ್ನೂ ಕಲಿಸುವನು. ಈಚಿನ ವಿಶೇಷ ಶಿಕ್ಷಣ ಶಾಸ್ತ್ರದಲ್ಲಿ ನಿತ್ಯಜೀವನದ ಕೌಶಲವೆಂದೂ ಚಲನಶಿಕ್ಷಣವೆಂದೂ ಬೇರೆಬೇರೆ ವಿಷಯಗಳನ್ನಾಗಿ ವಿಂಗಡಿಸಿರುವುದು ಅಲ್ಲಿ ಒಂದೇ ದಿನಚರಿಯಾಗಿ ಬೆರೆತುಹೋಗಿತ್ತು. ಅಂಧನಿಗೆ ಏನು ಸಾಧ್ಯ, ಏನು ಅಸಾಧ್ಯ ಎಂಬ ಶಂಕೆಗೆ ಅಲ್ಲಿ ಎಡೆಯೇ ಇರಲಿಲ್ಲ. ಏಕೆಂದರೆ ಕಲಿಸುವವರೂ ಕಣ್ಣಿಲ್ಲದವರೇ.

ಇಷ್ಟು ಜನರ ಊಟದ ದಾರಿ ಯಾವುದು? ಮೊದಲನೆಯದು ಜೋಳಿಗೆ. ಎರಡನೆಯದು ನಾಟಕ. ಗುಬ್ಬಿಯ ಕಂಪನಿಯು 1884ರಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಬೆಳಗಿದ ಕಾಲ ಅದು. ಸಂಗೀತ ನಾಟಕಕ್ಕೆ ಜನ ದುಡ್ಡು ಕೊಟ್ಟು ಬರುತ್ತಾರೆಂಬುದು ಎಲ್ಲರಿಗೂ ತಿಳಿದಿತ್ತು. ಗವಾಯಿಗಳೂ ನಾಟಕ ಮಂಡಳಿಯನ್ನು ಕಟ್ಟಿದರು. ಶಾಲೆಯನ್ನು ಸಾಕುವುದಕ್ಕಾಗಿ ನಾಟಕ ನಡೆಯುತ್ತಿತ್ತು. ವಿರಕ್ತ ಸಂಪ್ರದಾಯದ ನೆರಳಿನಲ್ಲಿ ಬೆಳೆದವರು ಕಂಪನಿ ನಾಟಕದ ಲೋಕಕ್ಕೆ ಕೈಹಾಕುವುದು ಆ ಕಾಲಕ್ಕೆ ಸಣ್ಣ ಸಾಹಸವಲ್ಲ. ದಾಸೋಹದ ಅನ್ನವನ್ನು ಉಂಡವರು ಅದನ್ನು ಕಾಯಕದಿಂದ ತೀರಿಸಬೇಕೆಂಬ ಶರಣರ ದೃಷ್ಟಿಯೇ ಇಲ್ಲಿ ಪ್ರೇರಕವಾಗಿದ್ದಿತೆಂದು ತೋರುತ್ತದೆ. ಭಿಕ್ಷೆಯ ಪಾತ್ರೆ ಹಿಡಿಯಬೇಕಾಗಿದ್ದ ಕೈಗಳಲ್ಲಿ ಮಂಡಳಿಯು ಪೇಟಿಯನ್ನೂ ತಬಲೆಯನ್ನೂ ಇಟ್ಟಿತು.

ಕೊನೆಗೆ ಗದಗಿನಲ್ಲಿ ನೆಲೆ ದೊರೆಯಿತು. ಕುಣಿಗಲ್ಲ ತಾಲ್ಲೂಕಿನ ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯ ಮಠವುಳ್ಳ ಗದಗು ತುಮಕೂರಿನ ಭಕ್ತರಿಗೆ ಅಪರಿಚಿತವಾದ ಊರಲ್ಲ. ಅಲ್ಲಿ ದಾನಿಗಳ ನೆರವಿನಿಂದ ವೀರೇಶ್ವರ ಪುಣ್ಯಾಶ್ರಮವು ಸ್ಥಿರವಾಯಿತು. ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು. ಇಂತಹ ಸಂಸ್ಥೆಗಳು ಸಾಮಾನ್ಯವಾಗಿ ಸ್ಥಾಪಕರೊಡನೆಯೇ ಮುಗಿಯುತ್ತವೆ. ಇದು ಮುಗಿಯಲಿಲ್ಲ, ಏಕೆಂದರೆ ಉತ್ತರಾಧಿಕಾರಿಯು ಅಲ್ಲಿಯೇ ಬೆಳೆದಿದ್ದರು.

ದೇವಗಿರಿಯಲ್ಲಿ 1914ರಲ್ಲಿ ಜನಿಸಿದ ಪುಟ್ಟರಾಜರು ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡು, ಸೋದರಮಾವನ ಮೂಲಕ ಗವಾಯಿಗಳ ಆಶ್ರಯಕ್ಕೆ ಬಂದವರು. ಗಾಯನದೊಡನೆ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿಗಳಲ್ಲಿಯೂ ಅವರ ಕೈ ಪಳಗಿತ್ತು. ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಅವರು ಕೃತಿರಚನೆ ಮಾಡಿದರು. ಬಸವಪುರಾಣವನ್ನು ಹಿಂದಿಗೆ ತಂದರು. ಆಶ್ರಮದ ನಾಟಕ ಮಂಡಳಿಗೆ ನಾಟಕಗಳನ್ನು ಬರೆದುಕೊಟ್ಟರು. ಈ ಲೇಖನದ ದೃಷ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದುದು ಭಗವದ್ಗೀತೆಯನ್ನು ಅವರು ಬ್ರೈಲ್ ಲಿಪಿಗೆ ಇಳಿಸಿದುದು. ಮೈಸೂರಿನಲ್ಲಿ ಒಂದನ್ನೊಂದು ಕೂಡದೆ ಹಾದುಹೋಗಿದ್ದ ಎರಡು ದಾರಿಗಳು ಇಲ್ಲಿ ಕೂಡಿದವು. ಕಿವಿಯ ಪರಂಪರೆಯಲ್ಲಿ ಬೆಳೆದ ಗವಾಯಿಯೊಬ್ಬರು ಮೊನೆಕಡ್ಡಿಯನ್ನು ಹಿಡಿದು ಶಾಸ್ತ್ರಗ್ರಂಥವನ್ನು ಚುಕ್ಕಿಗಳಲ್ಲಿ ಬರೆದರು. ಸಾಹಿತ್ಯರಚನೆಯಲ್ಲಿ ತೊಡಗಿದ ಅಂಧನಿಗೆ ನಾದವೊಂದೇ ಸಾಲದು. ಕಂಠಪಾಠದಿಂದ ನೂರಾರು ಬಂದಿಶುಗಳನ್ನು ಹಿಡಿದಿಡಬಹುದು, ಆದರೆ ಒಂದು ಗ್ರಂಥವನ್ನು ತಿದ್ದಿ, ಹಿಂದಿನ ಅಧ್ಯಾಯಕ್ಕೆ ಮರಳಿ, ಒಂದು ಪದವನ್ನು ಬದಲಿಸಲು ಲಿಪಿ ಬೇಕೇಬೇಕು.

ಪುಟ್ಟರಾಜರ ಹೆಸರಿನೊಡನೆ ತುಲಾಭಾರವೂ ಸೇರಿಕೊಂಡಿದೆ. ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯ ಧಾನ್ಯಗಳಿಂದ ತೂಗಿದರು. ತೂಗಿದುದು ಆಶ್ರಮದ ಮಕ್ಕಳ ಪಾಲಾಯಿತು. ಇದನ್ನು ವ್ಯಕ್ತಿಪೂಜೆಯೆಂದು ಆಕ್ಷೇಪಿಸುವವರುಂಟು. ಸರ್ಕಾರದ ಅನುದಾನ ಹಳ್ಳಿಯವರಿಗೆ ಅರ್ಥವಾಗದ ಕಾಲದಲ್ಲಿ, ದಾನವನ್ನು ಕಣ್ಣೆದುರಿಗೆ ತೂಗಿ ಒಪ್ಪಿಸುವ ಈ ವಿಧಾನಕ್ಕಿಂತ ನಿಚ್ಚಳವಾದ ಲೆಕ್ಕ ಬೇರೆ ಇರಲಿಲ್ಲವೆಂಬುದನ್ನು ಆಕ್ಷೇಪಿಸುವವರು ಮರೆಯುತ್ತಾರೆ. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು. ಅವರ ಗುರುಗಳ ಜೀವನವನ್ನು ಆಧರಿಸಿದ ಚಲನಚಿತ್ರ 1995ರಲ್ಲಿ ಬಂದಿದ್ದಿತು. ಆ ಚಿತ್ರದ ಹಾಡಿಗಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಸಂಗೀತಕ್ಕಾಗಿ ಹಂಸಲೇಖ ಅವರಿಗೂ ರಾಷ್ಟ್ರಪ್ರಶಸ್ತಿ ಸಂದಿತು.

ಪುಣ್ಯಾಶ್ರಮದ ಶಿಷ್ಯರ ಪಟ್ಟಿಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹೊರಗೆ ಹೆಚ್ಚು ಕೀರ್ತಿವಂತರಾದ ಶಿಷ್ಯರಲ್ಲಿ ಹಲವರು ಕಣ್ಣುಳ್ಳವರು. ಕಿರಾಣಾ, ಗ್ವಾಲಿಯರ್ ಶೈಲಿಗಳನ್ನು ಮೈಗೂಡಿಸಿಕೊಂಡು ಅಖಿಲ ಭಾರತ ಖ್ಯಾತಿಯನ್ನು ಪಡೆದ ಬಸವರಾಜ ರಾಜಗುರು ಅವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. 1936ರಲ್ಲಿ ಹಂಪಿಯಲ್ಲಿ ನಡೆದ ವಿಜಯನಗರದ ಆರುನೂರನೆಯ ವರ್ಷದ ಉತ್ಸವದಲ್ಲಿ ಅವರು ಹಾಡಿದಾಗ ತಬಲಾ ಸಾಥ್ ನೀಡಿದವರು ಸ್ವತಃ ಗುರುಗಳೇ. ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಮೊದಲಾದವರೂ ಅದೇ ಗರಡಿಯವರು. 2016ರಲ್ಲಿ ಪದ್ಮಶ್ರೀ ಪಡೆದ ಎಂ. ವೆಂಕಟೇಶಕುಮಾರ್ ಅವರು ಬಳ್ಳಾರಿ ಸೀಮೆಯಿಂದ ಬಾಲಕನಾಗಿ ಬಂದು ಹನ್ನೆರಡು ವರ್ಷ ಪುಟ್ಟರಾಜರ ಬಳಿ ಕಲಿತರು.

ಅಂಧರ ಸೇವೆಯ ಚರಿತ್ರೆಯನ್ನು ಬರೆಯುವವರು ಈ ಅಂಶವನ್ನು ಹಾರಿಸಿಬಿಡುತ್ತಾರೆ, ಸಂಗೀತದ ಚರಿತ್ರೆಗೆ ಸೇರಿದ್ದೆಂದು ಭಾವಿಸಿ. ವಾಸ್ತವವಾಗಿ ಪುಣ್ಯಾಶ್ರಮದ ತಿರುಳು ಇಲ್ಲಿದೆ. ಎಲ್ಲ ದೇಶಗಳಲ್ಲಿಯೂ ಅಂಧರ ಶಾಲೆಗಳೆಂದರೆ ಕಣ್ಣುಳ್ಳವರು ಕೊಡುವವರು, ಕಣ್ಣಿಲ್ಲದವರು ಪಡೆಯುವವರು. ಗದಗಿನಲ್ಲಿ ಅದು ತಿರುಗಿ ನಿಂತಿತು. ಕಣ್ಣುಳ್ಳ ಹುಡುಗರು ಅಂಧ ಗುರುವಿನ ಪಾದದ ಬಳಿ ಕುಳಿತು ವಿದ್ಯೆಯನ್ನು ಬೇಡಿದರು. ಅವರ ಪಕ್ಕದಲ್ಲಿಯೇ ಅಂಧ ಸಹಪಾಠಿಗಳು ಕುಳಿತಿದ್ದರು. ವಿಕಲಚೇತನ ಮಕ್ಕಳನ್ನು ಸಾಮಾನ್ಯ ಶಾಲೆಗಳಲ್ಲಿ ಇತರರೊಡನೆ ಓದಿಸುವ ಸಮನ್ವಯ ಶಿಕ್ಷಣದ ಯೋಜನೆಯನ್ನು ಕೇಂದ್ರ ಸರ್ಕಾರವು ಆರಂಭಿಸಿದುದು 1974ರಲ್ಲಿ. ಗವಾಯಿಗಳ ಸಂಚಾರಿ ಶಾಲೆಯಲ್ಲಿ ಅದು ಯಾವ ಹೆಸರೂ ಇಲ್ಲದೆ ನಡೆದುಬಂದಿತ್ತು.

ಇಷ್ಟಲಿಂಗದ ಪೂಜೆಯಲ್ಲಿ ದೃಷ್ಟಿಯೋಗಕ್ಕೆ ಪ್ರಾಶಸ್ತ್ಯವಿದೆಯೆಂಬುದು ಸರ್ವವಿದಿತ. ಕರಸ್ಥಲದಲ್ಲಿ ಲಿಂಗವನ್ನಿಟ್ಟು ಎವೆಯಿಕ್ಕದೆ ನೋಡುವುದು ಅದರ ಕ್ರಮ. ಹೀಗಿರುವಾಗ ಕಣ್ಣಿಲ್ಲದ ಪುಟ್ಟರಾಜರು ದೀರ್ಘ ಲಿಂಗಪೂಜೆಗೆ ಹೆಸರಾದವರು. ಅಂಗೈಯ ಸ್ಪರ್ಶದಲ್ಲಿಯೇ ಪೂಜೆ ಪೂರ್ಣವಾಗುತ್ತದೆಂಬುದಕ್ಕೆ ಶಾಸ್ತ್ರಚರ್ಚೆಗಿಂತ ಅವರ ನಿತ್ಯಕ್ರಮವೇ ಸಾಕ್ಷಿಯಾಗಿತ್ತು. ಇದು ಪ್ರಾಸಂಗಿಕ.

ಇನ್ನು ಒಂದು ಆಕ್ಷೇಪವನ್ನು ಎದುರಿಸದೆ ಈ ವಿಷಯವನ್ನು ಬಿಡುವಂತಿಲ್ಲ. ಅಂಧನೆಂದರೆ ಹಾಡುಗಾರನೆಂದು ಸಮಾಜವು ಗೆರೆ ಎಳೆದುಬಿಡುವುದಕ್ಕೆ ಇಂತಹ ಸಂಸ್ಥೆಗಳು ಕಾರಣವಾದವೇ? ಈ ಗೆರೆ ಕನ್ನಡ ನಾಡಿಗಷ್ಟೇ ಸೇರಿದುದಲ್ಲ. ಲೂಯಿ ಬ್ರೈಲನೂ ಪ್ಯಾರಿಸ್ಸಿನ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದನು. ಜಪಾನಿನಲ್ಲಿ ಅಂಧ ವಾದಕರದೇ ಒಂದು ವೃತ್ತಿಸಂಘವು ಶತಮಾನಗಳ ಕಾಲ ಬಾಳಿ 1871ರಲ್ಲಿ ರದ್ದಾಯಿತು. ಸ್ವರ ಹಿಡಿಯದ ಅಂಧ ಬಾಲಕನೂ ಇರುತ್ತಾನಲ್ಲವೇ? ಗಣಿತದಲ್ಲಿ ಮನಸ್ಸುಳ್ಳವನು, ವ್ಯಾಪಾರದಲ್ಲಿ ಚತುರನಾದವನು ಇರುತ್ತಾನಲ್ಲವೇ? ಅವನಿಗೆ ನಾದದ ದಾರಿ ದಾರಿಯಲ್ಲ, ಗೋಡೆ. ಆಕ್ಷೇಪದಲ್ಲಿ ಸತ್ಯವಿದೆ. ಆದರೆ 1920ರ ಸುಮಾರಿನ ಉತ್ತರ ಕರ್ನಾಟಕದಲ್ಲಿ ಅಂಧನಿಗೆ ಮರ್ಯಾದೆಯ ಅನ್ನ ಕೊಡಬಲ್ಲ ಬೇರೆ ಯಾವ ವೃತ್ತಿಯಿತ್ತು ಎಂಬ ಪ್ರಶ್ನೆಯನ್ನೂ ಅದರ ಎದುರಿಗೆ ಇಡಬೇಕು. ಶ್ರಾವಣಮಾಸದಲ್ಲಿ ಊರೂರ ಮಠಗಳಲ್ಲಿ ಪುರಾಣ ಪ್ರವಚನ ನಡೆಯುತ್ತದೆ. ಪ್ರವಚನಕಾರರ ಜೊತೆಗೆ ಒಬ್ಬ ಗವಾಯಿ, ಒಬ್ಬ ತಬಲಾ ವಾದಕ ಇರಲೇಬೇಕು. ಆಶ್ರಮದಲ್ಲಿ ಕಲಿತ ಎಷ್ಟೋ ಅಂಧರಿಗೆ ಈ ಪ್ರವಚನಗಳೂ ಸಂಗೀತ ಪಾಠಗಳೂ ಜೀವನಾಧಾರವಾದವು. ಸಮಾಜವು ಮೊದಲೇ ಗೌರವಿಸುತ್ತಿದ್ದ ವೃತ್ತಿಯೊಂದಕ್ಕೆ ಅಂಧನನ್ನು ಸೇರಿಸಿದುದು ಗವಾಯಿಗಳ ಲೋಕಜ್ಞಾನ.

ಸ್ವಾತಂತ್ರ್ಯಾನಂತರ ಚುಕ್ಕಿಯ ದಾರಿ ಅಗಲವಾಯಿತು. ಡೆಹ್ರಾಡೂನಿನಲ್ಲಿ 1951ರಲ್ಲಿ ಕೇಂದ್ರ ಬ್ರೈಲ್ ಮುದ್ರಣಾಲಯ ಸ್ಥಾಪನೆಯಾಯಿತು. ಕರ್ನಾಟಕ ಸರ್ಕಾರವು ಮೈಸೂರಿನಲ್ಲಿ ಬ್ರೈಲ್ ಮುದ್ರಣಾಲಯವನ್ನು ನಡೆಸುತ್ತಿದೆ. ಹುಬ್ಬಳ್ಳಿ, ಕಲಬುರಗಿಗಳಲ್ಲಿಯೂ ಸರ್ಕಾರಿ ಅಂಧ ಮಕ್ಕಳ ಶಾಲೆಗಳಿವೆ. 1995ರ ಕಾಯಿದೆಯು ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಶೇಕಡಾ 3ರ ಮೀಸಲಾತಿಯನ್ನು ಕೊಟ್ಟಿತು. 2016ರ ಕಾಯಿದೆ ಅದನ್ನು ಶೇಕಡಾ 4ಕ್ಕೆ ಏರಿಸಿತು. ಅದರಲ್ಲಿ ಶೇಕಡಾ 1 ಅಂಧರಿಗೂ ಮಂದದೃಷ್ಟಿಯವರಿಗೂ ಸಲ್ಲುತ್ತದೆ. ಅಕ್ಷರ ಬಂದರೂ ಅನ್ನ ಬರಲಿಲ್ಲವೆಂಬ ಹಳೆಯ ಕೊರಗಿಗೆ ಶಾಸನವು ಕೊಟ್ಟ ಉತ್ತರವಿದು. ಕಾಯಿದೆಗೂ ಅದರ ಆಚರಣೆಗೂ ನಡುವಿನ ಅಂತರವನ್ನು ಅರ್ಜಿ ಹಿಡಿದು ಅಲೆದವರೇ ಬಲ್ಲರು. ಬೆಂಗಳೂರಿನಲ್ಲಿ 1997ರಲ್ಲಿ ಅಂಧರಾದ ಮಹಾಂತೇಶ ಜಿ. ಕಿವಡಸಣ್ಣವರ ಅವರು ತಮ್ಮ ಗೆಳೆಯರೊಡನೆ ಸ್ಥಾಪಿಸಿದ 'ಸಮರ್ಥನಂ' ಸಂಸ್ಥೆಯು ಶಿಕ್ಷಣ, ಉದ್ಯೋಗ ತರಬೇತಿ, ಕ್ರೀಡೆಗಳಿಗೆ ಕೈಚಾಚಿದೆ. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ಅವರ ನಾಯಕತ್ವದಲ್ಲಿ ಭಾರತದ ಅಂಧರ ತಂಡವು 2012ರಲ್ಲಿ ಬೆಂಗಳೂರಿನಲ್ಲಿ ಟಿ-20 ಕ್ರಿಕೆಟ್ ವಿಶ್ವಕಪ್ಪನ್ನು ಗೆದ್ದುಕೊಂಡಿತು. ಅಲ್ಲಿಯೂ ಕಿವಿಯೇ ಪ್ರಧಾನ. ಚೆಂಡಿನೊಳಗಿನ ಗುಂಡುಗಳ ಸದ್ದನ್ನು ಕೇಳಿ ಬ್ಯಾಟು ಬೀಸಬೇಕು.

ಗುಬ್ಬಿ, ಕುಣಿಗಲ್ಲಿನ ಮಗುವಿಗೆ ಈಗ ಮೈಸೂರೋ ಗದಗೋ ಎಂಬ ಎರಡೇ ದಿಕ್ಕುಗಳಿಲ್ಲ. ಅನ್ನ, ಅಕ್ಷರ, ಜ್ಞಾನಗಳ ತ್ರಿವಿಧ ದಾಸೋಹಕ್ಕೆ ಹೆಸರಾದ ಸಿದ್ಧಗಂಗೆಯ ವಿದ್ಯಾಸಂಸ್ಥೆಗಳಲ್ಲಿ ಅಂಧ ಮಕ್ಕಳ ಶಾಲೆಯೂ ಸೇರಿದೆ. ಸಾಮಾನ್ಯ ಶಾಲೆಯಲ್ಲಿಯೇ ಕುಳಿತು ಓದುವ ಹಕ್ಕೂ ಆ ಮಗುವಿಗೆ ಬಂದಿದೆ. ಫೋನು ಕನ್ನಡವನ್ನು ಓದಿ ಹೇಳುತ್ತದೆ, ಗಣಕಯಂತ್ರವು ಬೆರಳಚ್ಚಿಸಿದುದನ್ನು ಉಚ್ಚರಿಸುತ್ತದೆ. ಇದರಿಂದ ಒಂದು ಹೊಸ ಚಿಂತೆಯೂ ಹುಟ್ಟಿದೆ. ಯಂತ್ರವೇ ಓದಿ ಹೇಳುವಾಗ ಚುಕ್ಕಿ ಕಲಿಯುವ ಶ್ರಮವೇಕೆ ಎಂದು ಕೇಳುವ ಮಕ್ಕಳಿದ್ದಾರೆ. ಕೇಳಿ ಮಾತ್ರ ಕಲಿತ ಮಗುವಿಗೆ ಅಲ್ಪಪ್ರಾಣ ಮಹಾಪ್ರಾಣಗಳ ಭೇದ, ಪದ ಎಲ್ಲಿ ಒಡೆಯುತ್ತದೆಂಬ ಅರಿವು ಬೆರಳಿನಲ್ಲಿ ಕೂರುವುದಿಲ್ಲವೆಂದು ಅಧ್ಯಾಪಕರು ದೂರುತ್ತಾರೆ. ನೂರು ವರ್ಷಗಳ ಹಿಂದೆ ನಾದ ಇದ್ದಲ್ಲಿ ಚುಕ್ಕಿ ಇರಲಿಲ್ಲ; ಈಗ ಮತ್ತೆ ಕಿವಿಯೊಂದೇ ಸಾಕೆನ್ನುವ ಕಾಲ ಬಂದಿದೆ. ಪುಟ್ಟರಾಜರು ಚುಕ್ಕಿಗಳಲ್ಲಿ ಗೀತೆಯನ್ನು ಬರೆದುದರ ಅರ್ಥ ಈ ಹೊತ್ತಿಗೆ ಹೆಚ್ಚು ಸ್ಪಷ್ಟವಾಗುತ್ತದೆ. ಆ ಕಾರ್ಯವನ್ನು ಕೈಗೊಂಡಾಗ ಅವರಿಗೆ ಕಂಠಪಾಠದ ಬಲಕ್ಕೇನೂ ಕೊರತೆಯಿರಲಿಲ್ಲ.